ಗಟ್ಟದ ಕೆಳಗಿನ ಕನ್ನಡಿಗರು ಕುಂಪಣಿಯ ಪ್ರಜೆಗಳಾದ ಬಗೆ

ಮೈಸೂರು ಸೀಮೆಯಿಂದ ಬರುವ ನೆಂಟರು ನಮ್ಮವರನ್ನು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದುಂಟು: ತಾವು ತಮಿಳುನಾಡಿಗೆ ಬಂದು ನೆಲಸಿದ್ದು ಯಾವಾಗ? ಭಾಷಾವಾರು ರಾಜ್ಯಗಳು ರಚನೆಯಾದ 1956ನೆಯ ಇಸವಿಯಲ್ಲಿಯೇ ಈ ಗಡಿ ಹುಟ್ಟಿತೆಂದು ಅವರಲ್ಲಿ ಹಲವರ ಎಣಿಕೆ. ನಮ್ಮ ಕಡೆಯ ತರುಣರಲ್ಲಿಯೂ ಅನೇಕರು ಹಾಗೆಯೇ ತಿಳಿದಿದ್ದಾರೆ. ವಾಸ್ತವವಾಗಿ ಕೊಯಮತ್ತೂರು ಸೀಮೆಯನ್ನು ಮೈಸೂರಿನಿಂದ ಕತ್ತರಿಸಿದ ಕರಾರಿಗೆ ರುಜು ಬಿದ್ದದ್ದು 1799ನೆಯ ಜೂನ್ 22ರಂದು. ಅದಕ್ಕೆ ರುಜು ಹಾಕಿದವರು ಈಸ್ಟ್ ಇಂಡಿಯಾ ಕುಂಪಣಿಯ ಕಮಿಷನರುಗಳು ಮತ್ತು ಹೈದರಾಬಾದಿನ ನಿಜಾಮನ ಪ್ರತಿನಿಧಿ. ಕೊಂಗುನಾಡಿನ ಒಬ್ಬ ರೈತನನ್ನಾಗಲಿ, ಒಬ್ಬ ನೇಕಾರನನ್ನಾಗಲಿ ಯಾರೂ ವಿಚಾರಿಸಲಿಲ್ಲ. ಆ ಒಂದು ರುಜುವಿನ ಹಿಂದೆ ಐವತ್ತು ವರ್ಷಗಳ ಸಿದ್ಧತೆಯಿತ್ತು. ಆ ಸಿದ್ಧತೆಯನ್ನೇ ನಾವು ಈ ಲೇಖನದಲ್ಲಿ ವಿಚಾರ ಮಾಡಬೇಕೆಂದಿದ್ದೇವೆ.

ಮೊದಲು ನೆಲದ ಮಾತು. ಭವಾನಿ, ನೊಯ್ಯಲ್, ಅಮರಾವತಿ ನದಿಗಳ ಈ ಬಯಲಿಗೆ ಪಡುವಲಲ್ಲಿ ಪಾಲಘಾಟಿನ ಬಾಗಿಲು, ಬಡಗಲಲ್ಲಿ ಗಜ್ಜಲಹಟ್ಟಿಯ ಕಣಿವೆ. ಮೊದಲನೆಯದು ಮಲಬಾರಿನ ಕಡಲಿಗೆ ಇಳಿಸುತ್ತದೆ, ಎರಡನೆಯದು ಮೈಸೂರಿನ ಪ್ರಸ್ಥಭೂಮಿಗೆ ಏರಿಸುತ್ತದೆ. ಗಜ್ಜಲಹಟ್ಟಿಯ ಬಾಯಿಗೆ ಕಾವಲಾಗಿದ್ದ ದಣಾಯಕನಕೋಟೆಯ ಹೆಸರೇ ಕನ್ನಡ. ಹೊಯ್ಸಳರ ದಂಡನಾಯಕರು ಅಲ್ಲಿ ನೆಲೆಸಿ ಆಳುತ್ತಿದ್ದರು. ಆ ಕೋಟೆ ಇಂದು 1955ರಲ್ಲಿ ಮುಗಿದ ಭವಾನಿಸಾಗರ ಅಣೆಕಟ್ಟಿನ ನೀರಿನಡಿಯಲ್ಲಿದೆ. ಸಿರುಮುಗೈ, ನೆಗಮಂ ಮೊದಲಾದ ಕಡೆಗಳ ದೇವಾಂಗದವರು, ಕಾರಮಡೈ ಮೇಟ್ಟುಪಾಳಯಂಗಳ ಸುತ್ತಣ ಒಕ್ಕಲಿಗರು, ತಿರುಪ್ಪೂರು ಕಡೆಯ ಅನುಪ್ಪರು ಇವರೆಲ್ಲರೂ ಆಂಗ್ಲರ ಹೆಸರು ಈ ನಾಡಿನಲ್ಲಿ ಕೇಳಿಬರುವುದಕ್ಕೆ ಎಷ್ಟೋ ಮುಂಚೆ ಇಳಿದು ಬಂದವರು. ಆದ್ದರಿಂದ ನೆಂಟರ ಪ್ರಶ್ನೆಗೆ ಉತ್ತರವಿಷ್ಟೆ: ನಾವು ಬಂದಾಗ ಇಲ್ಲಿ ದಾಟಬೇಕಾದ ಗಡಿಯೇ ಇರಲಿಲ್ಲ.

ಇಲ್ಲೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಮೈಸೂರಿನ ಅರಸರು ಕೊಂಗುನಾಡಿಗೆ ಬಂದದ್ದು ಆಹ್ವಾನದಿಂದಲ್ಲ, ದಂಡಿನೊಡನೆ. ಮಧುರೆಯ ನಾಯಕರ ಪಾಳೆಯಪಟ್ಟುಗಳಾಗಿದ್ದ ಈ ಸೀಮೆಯ ಮೇಲೆ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ದಂಡಯಾತ್ರೆಗಳು ಆರಂಭವಾದವು. 1667ರಲ್ಲಿ ದೊಡ್ಡ ದೇವರಾಜ ಒಡೆಯರು ಈರೋಡಿನ ಬಳಿ ಮಧುರೆಯ ಪಡೆಯನ್ನು ಸೋಲಿಸಿದರು. ಚಿಕ್ಕದೇವರಾಜ ಒಡೆಯರ ಆಳ್ವಿಕೆ ಮುಗಿಯುವ ಹೊತ್ತಿಗೆ, ಅಂದರೆ 1704ರ ವೇಳೆಗೆ, ಕೊಂಗುನಾಡು ಮೈಸೂರಿಗೆ ಕಂದಾಯ ಕಟ್ಟುವ ನಾಡಾಗಿತ್ತು. ಆ ಕಾಲದ ಯುದ್ಧಗಳಲ್ಲಿ ಮೈಸೂರಿನ ಪಡೆಯವರು ಶತ್ರುಗಳ ಮೂಗು ಕೊಯ್ಯುತ್ತಿದ್ದರೆಂಬ ಕಥೆ ತಮಿಳು ನಾಡಿನ ಚರಿತ್ರೆಯಲ್ಲಿ ಇನ್ನೂ ಉಳಿದಿದೆ. ಮೈಸೂರಿನ ಆಳ್ವಿಕೆಯನ್ನು 'ನಮ್ಮವರ ಆಳ್ವಿಕೆ' ಎಂದು ಹೆಮ್ಮೆಪಡುವಾಗ, ಪಕ್ಕದ ಹೊಲದ ತಮಿಳು ರೈತನಿಗೆ ಅದು ಗಟ್ಟದ ಮೇಲಿನವರ ತೆರಿಗೆಯ ಆಳ್ವಿಕೆಯಾಗಿತ್ತೆಂಬುದನ್ನು ನಾವು ಮರೆಯಲಾಗದು. ಮುಂದೆ ಬರುವ ಸಂಗತಿಗಳು ಅರ್ಥವಾಗಬೇಕಾದರೆ ಇದು ನೆನಪಿನಲ್ಲಿರಬೇಕು.

ಕುಂಪಣಿಯವರ ಕೈ ಇತ್ತ ಚಾಚಿದ್ದು ತಿರುಚಿನಾಪಳ್ಳಿಯ ನೆಪದಲ್ಲಿ. ಆರ್ಕಾಟಿನ ನವಾಬಗಿರಿಗಾಗಿ ಮಹಮ್ಮದಾಲಿಯೂ ಚಂದಾಸಾಹೇಬನೂ ಬಡಿದಾಡುತ್ತಿದ್ದಾಗ, ಆಂಗ್ಲರು ಒಬ್ಬನ ಹಿಂದೆ, ಫ್ರೆಂಚರು ಇನ್ನೊಬ್ಬನ ಹಿಂದೆ ನಿಂತರು. ತಿರುಚಿನಾಪಳ್ಳಿಯನ್ನು ಬಿಟ್ಟುಕೊಡುವೆನೆಂಬ ಮಹಮ್ಮದಾಲಿಯ ಮಾತನ್ನು ನಂಬಿ ಮೈಸೂರಿನ ನಂಜರಾಜಯ್ಯನು 1752ರಲ್ಲಿ ದೊಡ್ಡ ಸೈನ್ಯದೊಡನೆ ಹೋದನು. ಕೆಲಸವಾದ ಮೇಲೆ ನವಾಬನು ಮಾತಿಗೆ ತಪ್ಪಿದನು. ಮೂರು ವರ್ಷ ಶ್ರೀರಂಗದಲ್ಲಿ ಬೀಡುಬಿಟ್ಟು ಬರಿಗೈಯಲ್ಲಿ ಹಿಂದಿರುಗಿದ ಮೈಸೂರಿನ ಬೊಕ್ಕಸ ಬರಿದಾಗಿತ್ತು. ಸಂಬಳ ಸಿಗದ ಸೈನಿಕರು ದಂಗೆಯೆದ್ದರು. ಈ ಗೊಂದಲದಲ್ಲಿ ಮೇಲೇರಿದವನು ಹೈದರಾಲಿ. 1755ರಲ್ಲಿ ಅವನು ದಿಂಡಿಗಲ್ಲಿನ ಫೌಜುದಾರನಾದನು, 1761ರಲ್ಲಿ ಮೈಸೂರಿನ ಅಧಿಕಾರವೇ ಅವನ ಕೈಸೇರಿತು. ಅತ್ತ ನವಾಬನು ಯುದ್ಧದ ಖರ್ಚಿಗೆಂದು ಕುಂಪಣಿಗೆ ಸಾಲಗಾರನಾದನು. ಸಾಲಕ್ಕೆ ಸೀಮೆಗಳನ್ನು ಒತ್ತೆಯಿಟ್ಟನು. ಕಡೆಗೆ 1801ರಲ್ಲಿ ನವಾಬಗಿರಿಯ ಆಡಳಿತವನ್ನೇ ಕುಂಪಣಿ ನುಂಗಿತು. ಬಟ್ಟೆ ಕೊಳ್ಳಲು ಬಂದ ವ್ಯಾಪಾರಿ ಒಡೆಯನಾಗುವ ದಾರಿ ಹೀಗೆ ಸಾಲದ ಚೀಟಿಯಿಂದ ತೊಡಗುತ್ತದೆ.

ಪಠ್ಯಪುಸ್ತಕಗಳಲ್ಲಿ ಆಂಗ್ಲೋ-ಮೈಸೂರು ಯುದ್ಧಗಳನ್ನು ನಾಲ್ಕೆಂದು ಎಣಿಸಿ ಇಸವಿಗಳನ್ನು ಬಾಯಿಪಾಠ ಮಾಡಿಸುವುದುಂಟು. ಮೊದಲ ಮೂರು ಯುದ್ಧಗಳ ದಂಡುಗಳು ಇಲ್ಲಿಯ ಜೋಳದ ಹೊಲಗಳನ್ನು ತುಳಿದುಕೊಂಡೇ ಹೋದವೆಂಬುದನ್ನು ಮಾತ್ರ ಅವು ಹೇಳುವುದಿಲ್ಲ. 1768ರಲ್ಲಿ ಕರ್ನಲ್ ವುಡ್ ಎಂಬಾತನು ಕೊಯಮತ್ತೂರು, ಈರೋಡು, ಧಾರಾಪುರಗಳನ್ನು ಹಿಡಿದನು. ಅದೇ ವರ್ಷದ ಕೊನೆಯಲ್ಲಿ ಹೈದರನ ಸೇನಾನಿ ಫಜಲುಲ್ಲಾ ಖಾನನು ಗಜ್ಜಲಹಟ್ಟಿಯಿಂದ ಇಳಿದುಬಂದು ಅವನ್ನು ಹಿಂದಕ್ಕೆ ಪಡೆಯತೊಡಗಿದನು. 1783ರಲ್ಲಿ ಕರ್ನಲ್ ಫುಲ್ಲರ್ಟನ್ ಧಾರಾಪುರವನ್ನೂ, ಪಾಲಘಾಟನ್ನೂ, ಕೊಯಮತ್ತೂರನ್ನೂ ಕ್ರಮವಾಗಿ ಹಿಡಿದು, ಗಟ್ಟವೇರಿ ಶ್ರೀರಂಗಪಟ್ಟಣಕ್ಕೇ ನುಗ್ಗುವ ಹವಣಿಕೆಯಲ್ಲಿದ್ದಾಗ ಮದರಾಸಿನವರು ಅವನನ್ನು ತಡೆದರು. 1784ರ ಮಂಗಳೂರು ಒಪ್ಪಂದದಂತೆ ಸೀಮೆ ಟಿಪ್ಪುವಿಗೆ ಮರಳಿತು. ಆಂಗ್ಲರು ಹಿಡಿದದ್ದನ್ನು ಎರಡು ಸಲ ಬಿಟ್ಟುಕೊಟ್ಟರೆಂಬುದು ನಿಜ. ಆದರೆ ಈ ನೆಲ ಎಷ್ಟು ಬೆಳೆಯುತ್ತದೆ, ಯಾವ ಕೋಟೆಯ ಗೋಡೆ ಎಲ್ಲಿ ದುರ್ಬಲ, ಯಾವ ಪಾಳೆಯಗಾರ ಮೈಸೂರಿನ ಮೇಲೆ ಮುನಿದಿದ್ದಾನೆ ಎಂಬುದೆಲ್ಲ ಆ ಎರಡು ಸಲಗಳಲ್ಲಿ ಅವರಿಗೆ ತಿಳಿದುಹೋಯಿತು.

ಮೂರನೆಯ ಯುದ್ಧದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. 1790ರ ಜುಲೈ ತಿಂಗಳಲ್ಲಿ ಜನರಲ್ ಮೆಡೋಸ್ ಕೊಯಮತ್ತೂರನ್ನು ಹಿಡಿದು ತನ್ನ ಉಗ್ರಾಣವನ್ನಾಗಿ ಮಾಡಿಕೊಂಡನು. ಗಜ್ಜಲಹಟ್ಟಿಯ ಮೂಲಕ ಮೈಸೂರನ್ನು ಹೊಗುವುದು ಅವನ ಉದ್ದೇಶ. ಸೆಪ್ಟೆಂಬರಿನಲ್ಲಿ ಟಿಪ್ಪುವೇ ಅದೇ ಕಣಿವೆಯನ್ನಿಳಿದು ಸತ್ಯಮಂಗಲದ ಬಳಿ ಕರ್ನಲ್ ಫ್ಲಾಯ್ಡನ ತುಕಡಿಯನ್ನು ಹಣ್ಣುಮಾಡಿ ಹಿಮ್ಮೆಟ್ಟಿಸಿದನು. ಈರೋಡೂ ಧಾರಾಪುರವೂ ಮತ್ತೆ ಅವನ ಕೈಸೇರಿದವು. ಮೆಡೋಸನ ಯೋಜನೆ ನೆಲಕಚ್ಚಿತು. 1791ರಲ್ಲಿ ಕಾರನ್‌ವಾಲೀಸ್ ತಾನೇ ಸೇನಾಧಿಪತ್ಯ ವಹಿಸಿ ಬೆಂಗಳೂರಿನ ದಾರಿ ಹಿಡಿಯಬೇಕಾಯಿತು. ಕೊಯಮತ್ತೂರಿನ ಮುರುಕು ಕೋಟೆಯನ್ನು ಲೆಫ್ಟಿನೆಂಟ್ ಚಾಮರ್ಸ್ ಎಂಬವನು ತಿರುವಾಂಕೂರಿನ ಸಿಪಾಯಿಗಳ ನೆರವಿನಿಂದ ತಿಂಗಳುಗಟ್ಟಲೆ ಕಾದನು. ಕಡೆಗೆ ಆ ವರ್ಷದ ನವೆಂಬರಿನಲ್ಲಿ ಕಮರುದ್ದೀನ್ ಖಾನನಿಗೆ ಶರಣಾದನು. ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಹೋದ ಅದೇ ಚಾಮರ್ಸನ ಕೈಯಲ್ಲೇ 1792ರ ಫೆಬ್ರವರಿಯಲ್ಲಿ ಟಿಪ್ಪು ಸಂಧಾನದ ಓಲೆಯನ್ನು ಕೊಟ್ಟು ಕಳುಹಿಸಿದ್ದು ವಿಧಿಯ ವಿನೋದವೆನ್ನಬೇಕು. ಈಗ ಆ ಕೋಟೆಯಿಲ್ಲ. ನಗರದ ಕೋಟ್ಟೈಮೇಡು ಎಂಬ ಬೀದಿಯ ಹೆಸರಿನಲ್ಲಿ ಮಾತ್ರ ಅದು ಉಳಿದಿದೆ.

ರಾಜರ ಸೋಲುಗೆಲವುಗಳನ್ನು ಬರೆದಿಡುವವರು ಹಳ್ಳಿಯವರ ಪಾಡನ್ನು ಬರೆದಿಡುವುದು ಅಪರೂಪ. ಅದೃಷ್ಟವಶಾತ್ ಪಕ್ಕದ ಈರೋಡಿನ ಲೆಕ್ಕವೊಂದು ಉಳಿದಿದೆ. ಹೈದರನ ಕಾಲದಲ್ಲಿ ಅಲ್ಲಿ 3,000 ಮನೆಗಳಿದ್ದವಂತೆ. ದಂಡುಗಳು ಹಾದುಹೋದ ಮೇಲೆ ಊರು ಬಹುಮಟ್ಟಿಗೆ ಹಾಳುಬಿದ್ದು, ಜನ ಹಿಂದಿರುಗಿ ಬಂದಾಗ ಮರಳಿ ಎದ್ದುನಿಂತದ್ದು ಸುಮಾರು 400 ಮನೆಗಳು ಮಾತ್ರ. ಮಿಕ್ಕ ಮನೆಗಳ ನೇಕಾರರೂ ಕುಂಬಾರರೂ ಎಲ್ಲಿಗೆ ಹೋದರು? ಒಂದೇ ಹೊಲಕ್ಕೆ ಈ ವರ್ಷ ಒಬ್ಬ ಒಡೆಯ, ಮರುವರ್ಷ ಮತ್ತೊಬ್ಬ. ಇಬ್ಬರ ದಂಡಿಗೂ ಎತ್ತು ಬೇಕು, ಮೇವು ಬೇಕು. ಇಂತಹ ಮೂವತ್ತು ವರ್ಷಗಳಾದ ಮೇಲೆ, ಯಾರ ಆಳ್ವಿಕೆಯಾದರೂ ಆಗಲಿ, ದಂಡು ಬಾರದಿದ್ದರೆ ಸಾಕೆಂಬ ಮನಸ್ಸು ಜನರಿಗೆ ಬಂದಿದ್ದರೆ ಆಶ್ಚರ್ಯವಿಲ್ಲ. ಪರರ ಆಳ್ವಿಕೆಗೆ ಇಂತಹ ಬಳಲಿಕೆಯಷ್ಟು ಹದವಾದ ಗೊಬ್ಬರ ಬೇರಿಲ್ಲವೆಂದು ನಮಗೆ ತೋರುತ್ತದೆ.

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳ ದಂಡವನ್ನೂ ತೆತ್ತು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟನೆಂಬುದು ಎಲ್ಲರಿಗೂ ತಿಳಿದ ವಿಷಯ. ಕೊಯಮತ್ತೂರು ಆಗಲೂ ಅವನಲ್ಲಿಯೇ ಉಳಿಯಿತು. ಆದರೆ ವಾಚಕರು ಭೂಪಟವನ್ನು ಬಿಡಿಸಿ ನೋಡಬೇಕು. ಮೂಡಲಲ್ಲಿ ಸೇಲಂ ಬಾರಾಮಹಲ್ ಕುಂಪಣಿಗೆ, ತೆಂಕಲಲ್ಲಿ ದಿಂಡಿಗಲ್ ಕುಂಪಣಿಗೆ, ಪಡುವಲಲ್ಲಿ ಮಲಬಾರು ಕುಂಪಣಿಗೆ. ಟಿಪ್ಪುವಿನ ಕೊಂಗುನಾಡು ಮೂರು ಕಡೆಯಿಂದಲೂ ಸುತ್ತುವರಿದ ದ್ವೀಪವಾಯಿತು. ಅದರ ಹಣೆಬರಹ ಬರೆದದ್ದು 1799ರಲ್ಲಲ್ಲ, 1792ರಲ್ಲಿ ಎಂದೇ ನಮ್ಮ ಅಭಿಪ್ರಾಯ. ಏಳು ವರ್ಷಗಳ ಅನಂತರ, ಮೇ 4ರಂದು, ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದಾಗ ಉಳಿದದ್ದು ಕಾಗದದ ಕೆಲಸ ಮಾತ್ರ.

ಆ ಕಾಗದದ ಕೆಲಸದಲ್ಲಿ ಒಂದು ಜಾಣತನವಿತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿಯು ಮೈಸೂರಿನ ಸಿಂಹಾಸನವನ್ನು ಒಡೆಯರ ಮನೆತನಕ್ಕೆ ಹಿಂದಿರುಗಿಸಿದನು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಗ ಇನ್ನೂ ಐದು ವರ್ಷ ತುಂಬಿರಲಿಲ್ಲ. ಅವರ ಹೆಸರಿನಲ್ಲಿ ಜುಲೈ 8ರಂದು ಇನ್ನೊಂದು ಕರಾರಾಯಿತು. ರಾಜ್ಯದ ರಕ್ಷಣೆಗೆ ಕುಂಪಣಿಯ ಸೈನ್ಯವಿರಬೇಕು, ಅದರ ವೆಚ್ಚಕ್ಕೆ ವರ್ಷಕ್ಕೆ ಏಳು ಲಕ್ಷ ವರಹ ಕೊಡಬೇಕು, ಹೊರಗಿನವರೊಡನೆ ಪತ್ರವ್ಯವಹಾರ ಕೂಡದು ಎಂದು ಅದರ ಷರತ್ತು. ಗಟ್ಟದ ಮೇಲಿನ ನಾಡು ಒಡೆಯರದು. ಗಟ್ಟದ ಕೆಳಗಿನ ಕನ್ನಡ ಜಿಲ್ಲೆಯೂ ಕೊಯಮತ್ತೂರೂ ಕುಂಪಣಿಯವು. ಮೈಸೂರಿಗೆ ಕಡಲಿನ ದಾರಿ ತಪ್ಪಿಹೋಗಿ, ಕುಂಪಣಿಗೆ ಮೂಡಣ ಕಡಲಿನಿಂದ ಪಡುವಣ ಕಡಲಿನವರೆಗೆ ತಡೆಯಿಲ್ಲದ ದಾರಿಯಾಯಿತು. ಆ ದಾರಿಯ ನಡುಮನೆಯೇ ನಮ್ಮ ಕೊಯಮತ್ತೂರು. ಮೈಸೂರಿನವರಿಗೆ ಅದನ್ನು ಬಿಟ್ಟುಕೊಡದೆ ಇದ್ದುದರ ಕಾರಣ ಇಷ್ಟೇ. ಭಾಷೆಯ ವಿಚಾರ ಯಾರ ತಲೆಯಲ್ಲಿಯೂ ಇರಲಿಲ್ಲ.

ಸ್ನೇಹದ ಒಪ್ಪಂದವೆಂದು ತೊಡಗಿ, ರಕ್ಷಣೆಯ ಒಪ್ಪಂದವೆಂದು ಬೆಳೆದು, ಕೊನೆಗೆ ದೇಶವನ್ನೇ ನುಂಗುವ ಈ ಕ್ರಮ ನಮ್ಮ ನಾಡಿಗಷ್ಟೇ ಮೀಸಲಾದದ್ದಲ್ಲ. ನೂರು ವರ್ಷಗಳ ಅನಂತರ ಏಷ್ಯಾ ಖಂಡದ ಮತ್ತೊಂದು ಅಂಚಿನಲ್ಲಿ ಜಪಾನೀಯರು ಕೊರಿಯಾ ದೇಶದ ವಿಷಯದಲ್ಲಿ ಬಹುಮಟ್ಟಿಗೆ ಇದೇ ಮೆಟ್ಟಿಲುಗಳನ್ನು ಹತ್ತಿದರು. ಪಾಶ್ಚಾತ್ಯರು ಹಡಗು ತೋರಿಸಿ ಜಪಾನಿನ ರೇವುಗಳನ್ನು ತೆರೆಸಿದ್ದ ರೀತಿಯಲ್ಲಿಯೇ ಜಪಾನು 1876ರಲ್ಲಿ ಕೊರಿಯಾದ ರೇವುಗಳನ್ನು ತೆರೆಸಿತು. ಕೊರಿಯಾದ ಅರಸರು ಹಿಂದಿನಿಂದ ಚೀನದ ಚಕ್ರವರ್ತಿಗೆ ಕಪ್ಪ ಕೊಡುತ್ತಿದ್ದವರು. 1894ರಲ್ಲಿ ಅಲ್ಲಿ ತೊಂಗಾಕ್ ಎಂಬ ರೈತರ ದಂಗೆ ಎದ್ದಾಗ ಚೀನವೂ ಜಪಾನೂ ಸೈನ್ಯ ಕಳುಹಿಸಿ ತಮ್ಮೊಳಗೇ ಕಾದಾಡಿದವು. ಸೋತ ಚೀನವು 1895ರಲ್ಲಿ ಕೊರಿಯಾ ಸ್ವತಂತ್ರವೆಂದು ಒಪ್ಪಿತು. ಸ್ವತಂತ್ರವೆಂದರೆ ಕೇಳುವವರಿಲ್ಲದ್ದು ಎಂದು ಅರ್ಥವಾಯಿತು. ಅದೇ ವರ್ಷ ಜಪಾನೀಯರು ಅರಮನೆಯೊಳಕ್ಕೆ ನುಗ್ಗಿ ತಮಗೆ ಎದುರಾಗಿದ್ದ ರಾಣಿ ಮಿನ್‌ಳನ್ನು ಕೊಂದರು. 1904-05ರಲ್ಲಿ ರಷ್ಯವೂ ಸೋತಿತು. 1905ರ ನವೆಂಬರಿನಲ್ಲಿ ಅರಮನೆಯ ಸುತ್ತ ಸೈನಿಕರನ್ನು ನಿಲ್ಲಿಸಿ 'ರಕ್ಷಣೆ'ಯ ಒಪ್ಪಂದಕ್ಕೆ ರುಜು ಹಾಕಿಸಿಕೊಳ್ಳಲಾಯಿತು. ಹೊರದೇಶಗಳೊಡನೆ ವ್ಯವಹರಿಸುವ ಹಕ್ಕು ಜಪಾನಿಗೆ ಹೋಯಿತು. ಒಡೆಯರೊಡನೆ ಆದ ಕರಾರನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಹೋಲಿಕೆ ಎದ್ದು ಕಾಣುತ್ತದೆ. 1907ರಲ್ಲಿ ಕೊರಿಯಾದ ದೊರೆ ಹೇಗ್ ನಗರದ ಶಾಂತಿ ಸಮ್ಮೇಳನಕ್ಕೆ ಗುಟ್ಟಾಗಿ ದೂತರನ್ನು ಕಳುಹಿಸಿ ನ್ಯಾಯ ಬೇಡಿದನು. ಅವರಿಗೆ ಸಭೆಯೊಳಗೆ ಪ್ರವೇಶವೇ ದೊರೆಯಲಿಲ್ಲ, ದೊರೆ ಸಿಂಹಾಸನವನ್ನು ಬಿಡಬೇಕಾಯಿತು. 1910ರ ಆಗಸ್ಟಿನಲ್ಲಿ ಕೊರಿಯಾ ಜಪಾನಿನಲ್ಲಿ ವಿಲೀನವಾಯಿತು. ಒಡನೆಯೇ ಕೈಗೊಂಡ ಕೆಲಸ ಭೂಮಿಯ ಅಳತೆ! ಆಳುವವರ ಮೊದಲ ಗ್ರಂಥ ಕಂದಾಯದ ಪುಸ್ತಕವೇ ಸರಿ.

ಒಂದು ವ್ಯತ್ಯಾಸವನ್ನೂ ಹೇಳಬೇಕು. ಜಪಾನೀಯರು ಕೊನೆಕೊನೆಗೆ ಕೊರಿಯಾದ ಶಾಲೆಗಳಿಂದ ಅಲ್ಲಿಯ ಭಾಷೆಯನ್ನು ಹೊರಹಾಕಿದರು, 1940ರಿಂದ ಜನರ ಹೆಸರುಗಳನ್ನೇ ಜಪಾನೀ ಹೆಸರುಗಳಾಗಿ ಬದಲಾಯಿಸಲು ಒತ್ತಾಯಪಡಿಸಿದರು. ಕುಂಪಣಿಯವರು ಕನ್ನಡವನ್ನು ಹಾಗೆ ಮುಟ್ಟಲು ಬರಲಿಲ್ಲ. ಜಿಲ್ಲೆಯ ಗೆರೆ ಎಳೆದರು, ಅಷ್ಟೆ. ಆದರೆ ಗೆರೆಯೂ ನಿಧಾನವಾಗಿ ತನ್ನ ಕೆಲಸ ಮಾಡುತ್ತದೆ.

ಕೊಂಗುನಾಡು ಸುಮ್ಮನೆ ತಲೆಬಾಗಲಿಲ್ಲ. ಇಲ್ಲಿ ಹೇಳಲೇಬೇಕಾದ ಹೆಸರು ಧೀರನ್ ಚಿನ್ನಮಲೈ. ಈಗಿನ ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಬಳಿಯ ಮೇಲಪ್ಪಾಳಯದಲ್ಲಿ 1756ರಲ್ಲಿ ಹುಟ್ಟಿದ ಇವನ ಮೊದಲ ಹೆಸರು ತೀರ್ಥಗಿರಿ. ಮೈಸೂರಿಗೆ ಸಾಗುತ್ತಿದ್ದ ಕಂದಾಯದ ಹಣವನ್ನು ತರುಣನಾಗಿದ್ದಾಗ ತಡೆದು ಬಡವರಿಗೆ ಹಂಚಿ, ಚೆನ್ನಿಮಲೈಗೂ ಶಿವನ್‌ಮಲೈಗೂ ನಡುವಣ ಚಿನ್ನಮಲೈ ಅದನ್ನು ತೆಗೆದುಕೊಂಡನೆಂದು ತಿಳಿಸಿರಿ ಎಂದು ಕಳುಹಿಸಿದನಂತೆ. ಹೆಸರು ಅಂದಿನಿಂದ ಬಂತೆಂದು ಪ್ರತೀತಿ. ಮೈಸೂರಿನ ತೆರಿಗೆಯನ್ನು ತಡೆದ ಅದೇ ಮನುಷ್ಯ ಮುಂದೆ ಆಂಗ್ಲರ ವಿರುದ್ಧ ಟಿಪ್ಪುವಿನ ಜೊತೆ ನಿಂತನು. ಇದರಲ್ಲಿ ವಿರೋಧವೇನೂ ನಮಗೆ ಕಾಣದು. ತೆರಿಗೆಯ ಜಗಳ ಬೇರೆ, ನೆಲದ ಜಗಳ ಬೇರೆ ಎಂಬುದನ್ನು ಅವನು ತನ್ನ ಕಾಲದ ಅನೇಕ ರಾಜರಿಗಿಂತ ಚೆನ್ನಾಗಿ ಅರಿತಿದ್ದನು. ನಿಜಾಮನಂತಹ ದೊಡ್ಡ ರಾಜನಿಗೂ ಆ ಅರಿವು ಮೂಡಲಿಲ್ಲ.

1800ನೆಯ ವರ್ಷ ಗಟ್ಟದ ಮೇಲೆಯೂ ಕೆಳಗೆಯೂ ಒಟ್ಟಿಗೆ ಬೆಂಕಿ ಹೊತ್ತಿತು. ಶ್ರೀರಂಗಪಟ್ಟಣ ಬಿದ್ದ ದಿನ ಸೆರೆಯಿಂದ ಹೊರಬಿದ್ದ ಚನ್ನಗಿರಿಯ ಧೋಂಡಿಯ ವಾಘ್ ಮೈಸೂರಿನ ಬಡಗಣ ಭಾಗದಲ್ಲಿ ದಂಡು ಕೂಡಿಸಿದನು. ವಿರೂಪಾಕ್ಷಿಯ ಗೋಪಾಲ ನಾಯಕನೂ ಕೊಂಗಿನ ಮುಖಂಡರೂ ಅವನೊಡನೆ ಸಂಧಾನ ನಡೆಸಿದರು. ಜೂನ್ 3ರಂದು ಕೊಯಮತ್ತೂರಿನ ಕೋಟೆಯನ್ನು ಹಿಡಿಯುವುದೆಂದು ನಿಶ್ಚಯವಾಗಿತ್ತು. ಹಿಂದೂಗಳೂ ಮುಸಲ್ಮಾನರೂ, ತಮಿಳರೂ ಕನ್ನಡಿಗರೂ ಸೇರಿ ಹೂಡಿದ ಈ ಸಂಚು ಒಡೆದುಹೋಯಿತು. ನಲವತ್ತಕ್ಕೂ ಹೆಚ್ಚು ಮಂದಿಯನ್ನು ಗಲ್ಲಿಗೇರಿಸಲಾಯಿತು. ಸೆಪ್ಟೆಂಬರಿನಲ್ಲಿ ಧೋಂಡಿಯ ಆರ್ಥರ್ ವೆಲ್ಲೆಸ್ಲಿಯ ಸೈನ್ಯದೊಡನೆ ಹೋರಾಡಿ ಮಡಿದನು. ಮರುವರ್ಷ ಗೋಪಾಲ ನಾಯಕನೂ ಗಲ್ಲಿಗೇರಿದನು. ಚಿನ್ನಮಲೈ ಮಾತ್ರ ಓಡಾನಿಲೈಯ ತನ್ನ ಕೋಟೆಯಿಂದ ಇನ್ನೂ ನಾಲ್ಕು ವರ್ಷ ಹೋರಾಡಿ, ಕಡೆಗೆ ಅಡುಗೆಯವನ ದ್ರೋಹದಿಂದ ಸಿಕ್ಕಿಬಿದ್ದನೆಂದು ಹೇಳುತ್ತಾರೆ. 1805ರ ಜುಲೈ 31ರಂದು ಸಂಕಗಿರಿಯ ದುರ್ಗದಲ್ಲಿ ಅವನನ್ನೂ ಅವನ ಸೋದರರನ್ನೂ ಗಲ್ಲಿಗೇರಿಸಿದರು. ಆಡಿ ಹದಿನೆಂಟರಂದು ತಮಿಳು ಬಂಧುಗಳು ಅವನನ್ನು ಸ್ಮರಿಸುತ್ತಾರೆ. ನಮ್ಮ ಕನ್ನಡ ಮನೆಗಳ ಮಕ್ಕಳಿಗೂ ಕಿತ್ತೂರು ರಾಣಿ ಚೆನ್ನಮ್ಮನ ಕಥೆಯೊಡನೆ ಅವನ ಕಥೆಯನ್ನೂ ಹೇಳಬೇಕಾದದ್ದು ನ್ಯಾಯ. ಅವನು ಕಾದದ್ದು ನಾವು ಉತ್ತು ಉಣ್ಣುವ ನೆಲಕ್ಕಾಗಿ.

ಅನಂತರದ ಆಳ್ವಿಕೆಯನ್ನು ಸಂಕ್ಷೇಪವಾಗಿ ಹೇಳಬಹುದು. 1804ರಲ್ಲಿ ಕೊಯಮತ್ತೂರು ಜಿಲ್ಲೆಯ ಮುಖ್ಯಪಟ್ಟಣವಾಯಿತು. ಸರಕಾರವು ನೇರವಾಗಿ ರೈತನೊಡನೆಯೇ ವ್ಯವಹರಿಸುವ ರೈತವಾರಿ ಪದ್ಧತಿ ಬಂದಿತು. ಪಾಳೆಯಗಾರನ ಕಾಟ ತಪ್ಪಿತೆಂದು ಹಲವರು ನಿಟ್ಟುಸಿರುಬಿಟ್ಟಿರಬೇಕು, ಆದರೆ ಮಳೆ ಬಾರದ ವರ್ಷದಲ್ಲಿಯೂ ಕಂದಾಯ ನಿಲ್ಲಲಿಲ್ಲ. 1811ರಿಂದ ಸುಮಾರು 40 ವರ್ಷಗಳ ಕಾಲ ಹೊಗೆಸೊಪ್ಪಿನ ವ್ಯಾಪಾರ ಸರಕಾರದ ಗುತ್ತವಾಗಿತ್ತು. ಬೆಳೆದವನು ತನ್ನ ಬೆಳೆಯನ್ನು ಇಷ್ಟಬಂದವರಿಗೆ ಮಾರುವಂತಿರಲಿಲ್ಲ. ನಮ್ಮ ದೇವಾಂಗದವರ ಮಗ್ಗಗಳ ಮೇಲೆ ಮೊಹತರ್ಫ ಎಂಬ ತೆರಿಗೆಯಿತ್ತು, ಅದು ತೊಲಗಿದ್ದು 1860ರ ಸುಮಾರಿಗೆ. ಅಷ್ಟರೊಳಗೆ ವಿಲಾಯತಿಯ ಯಂತ್ರದ ಬಟ್ಟೆ ಸಂತೆಗಳಲ್ಲಿ ಬಂದು ಬಿದ್ದಿತ್ತು. ಮಗ್ಗಕ್ಕೆ ತೆರಿಗೆ ಕಟ್ಟಿಕೊಂಡು, ತೆರಿಗೆಯ ಭಾರವಿಲ್ಲದೆ ಕಡಲು ದಾಟಿ ಬಂದ ಬಟ್ಟೆಯೊಡನೆ ಪೈಪೋಟಿ ನಡೆಸಬೇಕಾದ ಆ ನೇಕಾರರು ಹೇಗೆ ಬದುಕಿದರೋ! ಇಂದಿಗೂ ಚೌಡೇಶ್ವರಿಯ ಹಬ್ಬದಲ್ಲಿ ಎದೆಗೆ ಕತ್ತಿ ತಾಕಿಸಿಕೊಂಡು ಕನ್ನಡ ತೆಲುಗುಗಳಲ್ಲಿ ತಾಯಿಯನ್ನು ಕೂಗಿ ಕರೆಯುವ ಜನ ಅವರ ಮೊಮ್ಮಕ್ಕಳೇ.

ಇನ್ನು ಗೆರೆಯ ಮಾತು. ಕುಂಪಣಿಯವರು ಎಳೆದ ಕೊಯಮತ್ತೂರು ಜಿಲ್ಲೆಯಲ್ಲಿ ಗಟ್ಟದ ಮೇಲಿನ ಕೊಳ್ಳೇಗಾಲವೂ ಸೇರಿತ್ತು. ಮಲೆ ಮಹದೇಶ್ವರನ ಬೆಟ್ಟವೂ ಅದರೊಳಗೇ. ಕೊಳ್ಳೇಗಾಲದ ಕನ್ನಡಿಗ ದೊಡ್ಡ ಸಾಹೇಬನ ಕಚೇರಿಗೆ ಹೋಗಬೇಕಾದರೆ ಮೈಸೂರನ್ನು ಬೆನ್ನಹಿಂದೆ ಬಿಟ್ಟು ಗಟ್ಟವಿಳಿದು ಕೊಯಮತ್ತೂರಿಗೆ ಬರುತ್ತಿದ್ದನು. 1868ರಲ್ಲಿ ನೀಲಗಿರಿ ಬೇರೆಯಾಯಿತು. ಅದರೊಡನೆ ಬಡಗರೂ ಬೇರೆ ಜಿಲ್ಲೆಯವರಾದರು. ಮೈಸೂರಿನಲ್ಲಿಯೂ 1831ರಿಂದ 1881ರವರೆಗೆ ಆಂಗ್ಲ ಕಮಿಷನರುಗಳೇ ಆಳಿದರು. ಆದ್ದರಿಂದ ಆ ಐವತ್ತು ವರ್ಷ ಗಟ್ಟದ ಎರಡು ಕಡೆಯ ಕನ್ನಡಿಗರಿಗೂ ಒಡೆಯನೊಬ್ಬನೇ, ಆದರೂ ಗೆರೆ ಅಳಿಯಲಿಲ್ಲ. ಒಂದು ಕಡೆ ಕನ್ನಡದ ಕಚೇರಿ, ಕನ್ನಡದ ಶಾಲೆ ಬೆಳೆದವು. ಇನ್ನೊಂದು ಕಡೆ ನಮ್ಮ ಹಿರಿಯರು ಮನೆಯಲ್ಲಿ ಕನ್ನಡವಾಡಿ ಚಾವಡಿಯಲ್ಲಿ ತಮಿಳಿನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ನಮ್ಮಲ್ಲಿ ಬಹುಮಂದಿಗೆ ಮನೆಮಾತು ಬರುತ್ತದೆ, ಅದರ ಅಕ್ಷರ ಬಾರದು ಎಂಬ ಸ್ಥಿತಿಯ ಬೇರು ಇಲ್ಲಿದೆ.

1956ನೆಯ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು. ಅದರ ಮಗ್ಗುಲಲ್ಲೇ, ಗಟ್ಟದ ಮೇಲೆಯೇ ಇರುವ ತಾಳವಾಡಿ ಮದರಾಸಿನಲ್ಲಿ ಉಳಿಯಿತು. 1979ರಲ್ಲಿ ಈರೋಡಿನ ಸೀಮೆಯನ್ನು ಬೇರೆ ಜಿಲ್ಲೆಯನ್ನಾಗಿ ಮಾಡಿದಾಗ ತಾಳವಾಡಿಯೂ ಸತ್ಯಮಂಗಲವೂ ದಣಾಯಕನಕೋಟೆಯನ್ನು ಮುಳುಗಿಸಿದ ಜಲಾಶಯವೂ ಅತ್ತ ಹೋದವು. 2009ರಲ್ಲಿ ತಿರುಪ್ಪೂರು ಜಿಲ್ಲೆ ಹುಟ್ಟಿ ಧಾರಾಪುರ, ಕಾಂಗೇಯಂ, ಪಲ್ಲಡಂ ಅದಕ್ಕೆ ಸೇರಿದವು. ಈಗ ಕೊಯಮತ್ತೂರಿನ ಒಂದು ಕುಟುಂಬ ತನ್ನ ಹೆಣ್ಣನ್ನು ಕೊಳ್ಳೇಗಾಲಕ್ಕೆ ಕೊಟ್ಟರೆ, ಹಿಂದೆ ಒಂದೇ ಜಿಲ್ಲೆಯೊಳಗೆ ನಡೆಯುತ್ತಿದ್ದ ಪ್ರಯಾಣಕ್ಕೆ ಎರಡು ರಾಜ್ಯಗಳ ಬಸ್ಸು ಬೇಕಾಗುತ್ತದೆ.